ಸೇರಿಸಿದ್ದು ಕಡಿಮೆ, ತೆಗೆದದ್ದೇ ಜಾಸ್ತಿ: ಮೈಸೂರಿನ ನಮ್ಮ ತೊಟ್ಟಿ ಮನೆಯ ದುರಸ್ತಿ

ನಮ್ಮ ಹಳೆ ಮನೆಯ ದುರಸ್ತಿ ಮುಗಿದು ಈಗ ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕಳೆದಿವೆ. ಮುಂದಿನ ಭಾಗದಲ್ಲಿ ಅತ್ತಿಗೆಯ ಫಿಸಿಯೋಥೆರಪಿ ಕ್ಲಿನಿಕ್ ನಡೆಯುತ್ತಿದೆ. ಹಿಂದಿನ ಭಾಗದಲ್ಲಿ ಅಮ್ಮ ಇದ್ದಾರೆ. ನೋಡೋಕೆ ಬಂದವರೆಲ್ಲ ಏನೇನು ಹೊಸದಾಗಿ ಮಾಡಿಸಿದಿರಿ ಎಂದು ಕೇಳುತ್ತಾರೆ. ಹೊಸದು ಬಹಳ ಕಡಿಮೆ. ನಮ್ಮ ದುಡ್ಡು, ಸಮಯ, ಕೂಲಿ ಹೋದದ್ದೆಲ್ಲ ತೆಗೆಯುವುದಕ್ಕೆ. ಸುಮಾರು ನಲವತ್ತು ವರ್ಷಗಳಲ್ಲಿ ಆ ಮನೆಗೆ ಬಂದು ಸೇರಿಕೊಂಡಿದ್ದ ಸಿಮೆಂಟು, ಶೀಟು, ಟಾರು, ಟೈಲ್ಸ್ ಎಲ್ಲವನ್ನೂ ತೆಗೆದೆವು. ತೆಗೆದ ಮೇಲೆ ಮನೆ ಒಣಗಿತು, ತಂಪಾಯಿತು, ಬೆಳಕಾಯಿತು. ಕೆಡವಬೇಕೋ ಉಳಿಸಬೇಕೋ ಎಂದು ಯೋಚಿಸುತ್ತಿರುವವರು ಊರೂರಲ್ಲೂ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಾವು ಏನು ಮಾಡಿದೆವು, ಯಾಕೆ ಮಾಡಿದೆವು ಎಂದು ಬರೆಯುತ್ತಿದ್ದೇನೆ.

ಮನೆ ಇರುವುದು ಚಾಮರಾಜಪುರಂ ಕಡೆ. ಪ್ಲೇಗಿನ ಕಾಲದ ನಂತರ ಮೈಸೂರು ಕೋಟೆಯ ಆಚೆಗೆ ಹರಡಿಕೊಂಡಿತು. 1903ರಲ್ಲಿ ಊರನ್ನು ಸುಧಾರಿಸುವುದಕ್ಕೆಂದೇ ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ಅಗಲವಾದ ರಸ್ತೆ, ಮನೆಗಳ ಹಿಂದೆ ಕಸ ಹೊಲಸು ಸಾಗಿಸುವುದಕ್ಕೆ ಕನ್ಸರ್ವೆನ್ಸಿ ಸಂದಿ, ಒಳಗೆ ಗಾಳಿ ಬೆಳಕು ಆಡುವ ಮನೆ, ಇವೆಲ್ಲ ಆ ಕಾಲದ ಯೋಚನೆಗಳು. ನಮ್ಮದು ಅಂಥ ದೊಡ್ಡ ಮನೆಯೇನಲ್ಲ. ಮುಂದೆ ಜಗುಲಿ, ಒಳಗೆ ಪಡಸಾಲೆ, ನಡುವೆ ಮೇಲೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕೋಣೆಗಳು, ಹಿಂದೆ ಅಡುಗೆಮನೆ ಮತ್ತು ಹಿತ್ತಿಲು. ಮುಂಭಾಗಕ್ಕೆ ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದಲ್ಲಿ ಕಟ್ಟಿದ ಮದ್ರಾಸ್ ತಾರಸಿ, ತೊಟ್ಟಿಯ ಸುತ್ತ ಮಂಗಳೂರು ಹೆಂಚು. ಗೋಡೆ ಒಂದೂವರೆ ಅಡಿ ದಪ್ಪ. ಇಟ್ಟಿಗೆಯನ್ನು ಮಣ್ಣಿನಲ್ಲಿ ಕಟ್ಟಿ, ಮೇಲೆ ಸುಣ್ಣದ ಗಿಲಾವು ಮಾಡಿದ್ದಾರೆ.

1980ರ ದಶಕದಲ್ಲಿ ಹಿತ್ತಿಲ ಕಡೆ ಆರ್‌ಸಿಸಿ ಚಾವಣಿಯ ಎರಡು ಕೋಣೆ ಬಂದವು. ಮಳೆ ಒಳಗೆ ಬೀಳುತ್ತದೆ ಎಂದು ತೊಟ್ಟಿಯ ಮೇಲೆ ಕಲ್ನಾರಿನ ಶೀಟು ಬಂತು. ಗೋಡೆಗೆ ತೇವ ಏರುತ್ತದೆ ಎಂದು ಎದೆಮಟ್ಟದವರೆಗೆ ಸಿಮೆಂಟ್ ಗಿಲಾವು ಬಂತು. ತಾರಸಿ ಸೋರುತ್ತದೆ ಎಂದು ಒಂದರ ಮೇಲೊಂದು ಟಾರು, ಸಿಮೆಂಟು ಬಂದವು. ಆಮೇಲೆ ಕೆಂಪು ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್, ಪಡಸಾಲೆಗೆ ಪಿಒಪಿಯ ಫಾಲ್ಸ್ ಸೀಲಿಂಗ್. ಆ ಕಾಲಕ್ಕೆ ಎಲ್ಲರ ಮನೆಯಲ್ಲೂ ಇದೇ ನಡೆದದ್ದು. ಒಂದೊಂದಕ್ಕೂ ಒಂದೊಂದು ಕಾರಣ ಇತ್ತು. ಎಲ್ಲ ಸೇರಿದ ಮೇಲೆ ಮಾತ್ರ ಹಗಲಲ್ಲೂ ದೀಪ ಹಾಕಬೇಕಾಯಿತು, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯಿತು, ಸಂಜೆ ಹೊತ್ತು ಒಳಗೆ ಕೂರಲಾಗದಷ್ಟು ಧಗೆ.

ಅಪ್ಪ ಹೋದ ಮೇಲೆ ಮನೆಯ ಮಾತು ಬಂತು. ಕೆಡವಿ ನಾಲ್ಕು ಫ್ಲಾಟ್ ಮಾಡೋಣ, ಒಂದು ಅಮ್ಮನಿಗೆ, ಒಂದು ಕ್ಲಿನಿಕ್‌ಗೆ, ಎರಡು ಬಾಡಿಗೆಗೆ ಎಂದು ದೊಡ್ಡವರು ಹೇಳಿದರು. ಹಳೆ ಕಟ್ಟಡ ಯಾವತ್ತಿದ್ದರೂ ಬೀಳುವುದೇ ಎನ್ನುವ ಭಯವೂ ಅವರಿಗಿತ್ತು. ಆ ಭಯ ಸುಮ್ನೆ ಬಂದದ್ದಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋದದ್ದನ್ನು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದನ್ನು ಮೈಸೂರಿನವರು ಮರೆತಿಲ್ಲ. ಆದ್ದರಿಂದ ನಾವು ಮೊದಲು ಮಾಡಿದ್ದು ಹಳೆ ಕಟ್ಟಡಗಳಲ್ಲಿ ಕೆಲಸ ಮಾಡಿ ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕರೆತಂದದ್ದು. ಅವರು ಗೋಡೆಗಳನ್ನು ಬಡಿದು ನೋಡಿದರು, ಮೂಲೆಗಳಲ್ಲಿ ಬಿರುಕುಗಳಿಗೆ ಗಾಜಿನ ಪಟ್ಟಿ ಅಂಟಿಸಿ ಬಿರುಕು ಬೆಳೆಯುತ್ತಿದೆಯೇ ಎಂದು ತಿಂಗಳುಗಟ್ಟಲೆ ಗಮನಿಸಿದರು, ಜಂತೆಗಳು ಗೋಡೆಯೊಳಗೆ ಹೋಗುವ ಕಡೆಯೆಲ್ಲ ಕೆರೆದು ಪರೀಕ್ಷೆ ಮಾಡಿದರು. ಗಾಜು ಒಡೆಯಲಿಲ್ಲ. ಗೋಡೆ ಗಟ್ಟಿಯಾಗಿದೆ, ನೀರು ನಿಲ್ಲಿಸಿದರೆ ಸಾಕು ಎಂದು ಬರೆದುಕೊಟ್ಟರು. ಹಳೆ ಮನೆ ಇರುವವರು ಯಾರೇ ಆಗಲಿ, ಪ್ರೀತಿ ಇದೆ ಎಂದಷ್ಟಕ್ಕೇ ಉಳಿಸಿಕೊಳ್ಳಬೇಡಿ. ಮೊದಲು ಇಂಥ ಒಂದು ಪರೀಕ್ಷೆ ಆಗಲಿ.

ಎರಡನೆಯದು ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಕಟ್ಟಡ ಎದ್ದು ನಿಲ್ಲುವಷ್ಟರಲ್ಲಿ ಅದರ ಸಾಮಾನುಗಳಿಗೆ ಎಷ್ಟು ಶಕ್ತಿ ಖರ್ಚಾಗಿರುತ್ತದೆ ಎಂಬುದರ ಲೆಕ್ಕ ಅದು. ಇಟ್ಟಿಗೆ ಸುಡುವುದಕ್ಕೆ, ಸಿಮೆಂಟು ಬೇಯಿಸುವುದಕ್ಕೆ, ಕಬ್ಬಿಣ ಕರಗಿಸುವುದಕ್ಕೆ ಬೇಕಾಗುವ ಶಕ್ತಿ. ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ ಸುಮಾರು 4.2 ಗಿಗಾಜೂಲ್ ಎಂದು ಅವರು ಕಂಡುಕೊಂಡರು. ಇದನ್ನು ಕರೆಂಟ್ ಬಿಲ್ಲಿನ ಯೂನಿಟ್ಟಿಗೆ ಇಳಿಸಿದರೆ ಚದರ ಮೀಟರಿಗೆ ಸುಮಾರು 1,170 ಯೂನಿಟ್. ಅಂದರೆ 100 ಚದರ ಮೀಟರಿನ ಒಂದು ಫ್ಲಾಟಿಗೆ ಒಂದು ಲಕ್ಷಕ್ಕೂ ಜಾಸ್ತಿ ಯೂನಿಟ್. ತಿಂಗಳಿಗೆ 200 ಯೂನಿಟ್ ಉರಿಸುವ ಮನೆ ಇದಿಷ್ಟನ್ನು ಖರ್ಚು ಮಾಡಬೇಕಾದರೆ ನಲವತ್ತೆಂಟು ವರ್ಷಕ್ಕೂ ಜಾಸ್ತಿ ಬೇಕು! ಕಲ್ಲಿದ್ದಲಿನ ಕಾವಿಗೂ ತಂತಿಯಲ್ಲಿ ಬರುವ ಕರೆಂಟಿಗೂ ವ್ಯತ್ಯಾಸ ಇದೆ, ನಿಜ. ಅಳತೆ ತಿಳಿಯಲಿ ಎಂದು ಹೇಳಿದೆ ಅಷ್ಟೆ. ನಾಲ್ಕು ಫ್ಲಾಟ್ ಕಟ್ಟಿ ಅದರ ಮೇಲೆ ಸೋಲಾರ್ ಹಾಕಿ ಹಸಿರು ಮನೆ ಎಂದು ಬೋರ್ಡು ಹಾಕಿಕೊಳ್ಳುವುದಕ್ಕಿಂತ, ಇರುವ ಗೋಡೆಯನ್ನು ಇರುವಲ್ಲೇ ಬಿಡುವುದು ಎಷ್ಟೋ ಮೇಲು ಎಂದು ನನಗೆ ಅನಿಸಿದ್ದು ಈ ಲೆಕ್ಕ ನೋಡಿದ ಮೇಲೆ. ಅಣ್ಣನನ್ನು ಒಪ್ಪಿಸಿದ್ದೂ ಇದೇ ಲೆಕ್ಕ.

ಸಾಲ ಸಿಗುವುದು ಕಷ್ಟವಾಯಿತು. ಹೊಸದಾಗಿ ಕಟ್ಟುತ್ತೇವೆ ಎಂದರೆ ಬ್ಯಾಂಕಿನವರು ಕೂರಿಸಿ ಮಾತಾಡುತ್ತಾರೆ. ಹಳೆಯದನ್ನು ಸರಿ ಮಾಡುತ್ತೇವೆ ಎಂದರೆ ಬೆಲೆ ಕಟ್ಟುವವರು ಬಂದು, ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ ಎಂದು ಬರೆದುಬಿಡುತ್ತಾರೆ. ಒಂದು ಬ್ಯಾಂಕಿನಲ್ಲಿ ನಮಗೆ ಆದದ್ದು ಅದೇ. ತೇಗದ ತೊಲೆ, ಕಡೆದ ಕಂಬ, ಒಂದೂವರೆ ಅಡಿಯ ಗೋಡೆ ಅವರ ಕಾಗದದಲ್ಲಿ ಸೊನ್ನೆ. ಈ ಪದ್ಧತಿ ಬದಲಾಗದೆ ಹಳೆ ಮನೆಗಳು ಉಳಿಯುವುದು ಕಷ್ಟ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕೊನೆಗೆ ಇನ್ನೊಂದು ಕಡೆ ಸಣ್ಣ ದುರಸ್ತಿ ಸಾಲ ಸಿಕ್ಕಿತು. ಉಳಿದದ್ದಕ್ಕೆ ಅಣ್ಣನೂ ನಾನೂ ಹೊಂದಿಸಿಕೊಂಡೆವು. ಕೈಯಲ್ಲಿ ದುಡ್ಡು ಬಂದಷ್ಟು ಕೆಲಸ ಎಂದು ಹಂತಹಂತವಾಗಿ ಮಾಡಿದೆವು. ಸುಣ್ಣದ ಕೆಲಸಕ್ಕೆ ಅದೇ ಒಳ್ಳೆಯದೂ ಆಯಿತು.

ಕೆಲಸ ಶುರು ಮಾಡುವ ಮೊದಲು ಒಂದು ಮಳೆಗಾಲ ಪೂರ್ತಿ ಬರೀ ನೋಡಿದೆವು. ಎಂಜಿನಿಯರ್ ಹಾಗೆ ಹೇಳಿದ್ದರು. ನೀರು ಎಲ್ಲಿಂದ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಗೋಡೆಯ ಯಾವ ಭಾಗ ಯಾವಾಗ ಕಪ್ಪಾಗುತ್ತದೆ ಎಂದು ಮನೆಯ ನಕ್ಷೆಯ ಮೇಲೆ ಗುರುತು ಹಾಕಿದೆವು. ಮೂರು ಸಂಗತಿ ಗೊತ್ತಾದವು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಜಗುಲಿಯ ಮಟ್ಟಕ್ಕೆ ಬಂದಿತ್ತು. ಮಳೆ ನೀರು ಚರಂಡಿಗೆ ಹೋಗುವ ಬದಲು ನಮ್ಮ ತಳಪಾಯಕ್ಕೆ ಇಳಿಯುತ್ತಿತ್ತು. ಎರಡನೆಯದಾಗಿ, ತಾರಸಿಯ ನೀರು ಹೋಗುವ ಕೊಳವೆಯೊಂದು ಗೋಡೆಯೊಳಗೇ ಒಡೆದಿತ್ತು. ಮೂರನೆಯದಾಗಿ, ತೇವ ಸಿಮೆಂಟಿನ ಮೇಲಂಚಿನವರೆಗೂ ಏರಿ, ಅದರ ಮೇಲಿನ ಹಳೆ ಸುಣ್ಣದ ಗಿಲಾವಿನಲ್ಲಿ ಹೊರಗೆ ಬರುತ್ತಿತ್ತು.

ಈ ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆ ಮನೆ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಮಣ್ಣು, ಇಟ್ಟಿಗೆ, ಸುಣ್ಣದ ಗೋಡೆ ನೆಲದಿಂದ ಒಂದಿಷ್ಟು ನೀರು ಹೀರುತ್ತದೆ. ಹೀರಿದ್ದನ್ನು ಗಾಳಿಗೆ ಬಿಡುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು, ಗೋಡೆಯನ್ನು ಅದಕ್ಕೆ ತಕ್ಕಂತೆಯೇ ಕಟ್ಟಿದ್ದಾರೆ. ಮೇಲೆ ಸಿಮೆಂಟು ಮೆತ್ತಿದರೆ ನೀರು ಹೊರಗೆ ಬರುವ ದಾರಿ ಮುಚ್ಚಿಹೋಗುತ್ತದೆ. ದಾರಿ ಹುಡುಕುತ್ತಾ ಅದು ಮೇಲೆ ಮೇಲೆ ಏರುತ್ತದೆ. ಜೊತೆಗೆ ನೆಲದ ಉಪ್ಪನ್ನೂ ಒಯ್ಯುತ್ತದೆ. ನೀರು ಆರಿದ ಕಡೆ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿಪುಡಿ ಮಾಡುತ್ತದೆ. ಇದನ್ನು ನೋಡಿ ಜನ ಇನ್ನೊಂದಡಿ ಮೇಲಕ್ಕೆ ಸಿಮೆಂಟು ಹಾಕಿಸುತ್ತಾರೆ. ಹೀಗೇ ಏರುತ್ತಾ ಏರುತ್ತಾ ತೇವ ಜಂತೆಯ ತುದಿ ಮುಟ್ಟುತ್ತದೆ, ಮರ ಕೊಳೆಯುತ್ತದೆ, ಗೆದ್ದಲು ಬರುತ್ತದೆ. ಆಗ ಎಲ್ಲರೂ ಮನೆಗೆ ವಯಸ್ಸಾಯಿತು ಎನ್ನುತ್ತಾರೆ.

ಮಳೆ ನಿಂತ ಮೇಲೆ ಮೊದಲ ಕೆಲಸ ನೀರಿನ ದಾರಿ ತಿರುಗಿಸುವುದು. ಮುಂದಿನ ಗೋಡೆಯ ಉದ್ದಕ್ಕೂ ಒಂದು ಕಾಲುವೆ ತೋಡಿ, ದಪ್ಪ ಜಲ್ಲಿ ತುಂಬಿ, ಇಳಿಜಾರು ಕೊಟ್ಟು ಪಕ್ಕದ ಸಂದಿಯ ಕಡೆಗೆ ಬಿಟ್ಟೆವು. ಒಡೆದ ಕೊಳವೆಯನ್ನು ಗೋಡೆಯೊಳಗಿನಿಂದ ತೆಗೆದು ಹೊರಗೆ ಹಾಕಿದೆವು. ಆಮೇಲೆ ಸಿಮೆಂಟ್ ಗಿಲಾವು ಕೀಳಲು ಶುರು. ಡ್ರಿಲ್ ಯಂತ್ರ ಬೇಡ ಎಂದು ಉಳಿಯಲ್ಲೇ ಕೆತ್ತಿಸಿದೆವು. ಯಂತ್ರದ ನಡುಕಕ್ಕೆ ಮಣ್ಣಿನ ಸಂದುಗಳು ಸಡಿಲವಾಗುತ್ತವೆ. ಸಿಮೆಂಟು ಹಲವು ಕಡೆ ಹಲಗೆಯಂತೆ ಒಟ್ಟಿಗೇ ಬಿತ್ತು. ಅದರ ಹಿಂದೆ ಇಟ್ಟಿಗೆ ಕೈಯಲ್ಲಿ ಹಿಂಡಿದರೆ ನೀರು ಬರುವಂತಿತ್ತು. ಉಪ್ಪನ್ನು ಒಣ ಬ್ರಷ್ಷಿನಲ್ಲೇ ಉಜ್ಜಿ ತೆಗೆಯಬೇಕು, ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ. ಬರಿಗೋಡೆಯನ್ನು ಬೇಸಿಗೆ ಮುಗಿಯುವವರೆಗೂ ಹಾಗೇ ಬಿಟ್ಟೆವು. ಕಿಟಕಿ ಬಾಗಿಲು ತೆಗೆದಿಟ್ಟು ಗಾಳಿ ಆಡಿಸುವುದೊಂದೇ ಕೆಲಸ. ಅಮ್ಮನಿಗೆ ಇದು ಬಹಳ ಬೇಜಾರಿನ ಕಾಲ. "ಏನೂ ಕೆಲಸ ನಡೀತಾನೇ ಇಲ್ವಲ್ಲೇ" ಎಂದು ದಿನಾ ಕೇಳುತ್ತಿದ್ದರು. ಆದರೆ ಇಡೀ ದುರಸ್ತಿಯಲ್ಲಿ ಅತಿ ಮುಖ್ಯವಾದ ಕೆಲಸ ನಡೆದದ್ದು ಆ ತಿಂಗಳುಗಳಲ್ಲೇ.

ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದು ಸುಲಭವಲ್ಲ. ನಮಗೆ ಸಿಕ್ಕವರು ದೇವಸ್ಥಾನಗಳ ಗೋಪುರದಲ್ಲಿ ಗಾರೆ ಕೆಲಸ ಮಾಡಿದ ಹಿರಿಯರು. ಬಂದ ದಿನವೇ ಹೇಳಿದರು: "ಅವಸ್ರ ಇದ್ರೆ ನನ್ನ ಕರೀಬ್ಯಾಡಿ ಕಣ್ರವ್ವಾ. ಸುಣ್ಣ ಯಾರ ಮಾತೂ ಕೇಳಕಿಲ್ಲ." ಸುಟ್ಟ ಸುಣ್ಣದ ಕಲ್ಲನ್ನು ನೀರಿನ ಗುಂಡಿಗೆ ಹಾಕಿದಾಗ ಕೊತಕೊತ ಕುದಿಯುತ್ತದೆ. ಆಗ ಹತ್ತಿರ ಯಾರೂ ಇರಬಾರದು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲಿಸಿ ವಾರಗಟ್ಟಲೆ ಬಿಟ್ಟರು. ಹಳೆಯದಾದಷ್ಟೂ ಅದು ಬೆಣ್ಣೆಯಂತಾಗುತ್ತದೆ. ಇಟ್ಟಿಗೆ ಪುಡಿಯ ಸುರ್ಕಿ, ಮರಳು ಸೇರಿಸಿ ಅರೆಯಬೇಕು. ಎತ್ತು ಕಟ್ಟಿ ಅರೆಯುವ ಗಾಣ ಈಗ ಎಲ್ಲಿದೆ, ನಾವು ಅರೆಯುವ ಯಂತ್ರವೊಂದನ್ನು ಬಾಡಿಗೆಗೆ ತಂದೆವು. ಕಲಸುವುದಕ್ಕೆ ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು. ಕನ್ನಂಬಾಡಿ ಕಟ್ಟೆಗೆ ಸುರ್ಕಿ ಗಾರೆ ಹಾಕಿದ್ದಾರೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರು. ಅದೇ ಸಾಮಾನು ಬಾಂಡಲಿಯಲ್ಲಿ ನಮ್ಮ ಪಡಸಾಲೆಗೆ ಬಂದಾಗ ಮೈ ಜುಮ್ಮೆಂದಿತು.

ಗಿಲಾವನ್ನು ತೆಳ್ಳಗೆ, ಒಂದರ ಮೇಲೊಂದು ಹಾಕಿದರು. ಒಂದು ಪದರ ಗಟ್ಟಿಯಾಗುವ ತನಕ ಎರಡನೆಯದಕ್ಕೆ ಕೈ ಹಾಕಲಿಲ್ಲ. ನಡುನಡುವೆ ಗೋಣಿ ಒದ್ದೆ ಮಾಡಿ ಗೋಡೆಗೆ ಹೊದಿಸುವುದು, ಬಿಸಿಲು ನೇರ ಬೀಳದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು. ಸುಡುವಾಗ ಕಲ್ಲಿನಿಂದ ಹೊರಟ ಅನಿಲವನ್ನೇ ಗೋಡೆ ನಿಧಾನವಾಗಿ ವಾಪಸು ತೆಗೆದುಕೊಂಡು ಮತ್ತೆ ಕಲ್ಲಾಗುತ್ತದೆ. ಸುಣ್ಣವನ್ನು ಸುಮಾರು 900 ಡಿಗ್ರಿಯಲ್ಲಿ ಸುಡುತ್ತಾರೆ, ಸಿಮೆಂಟಿಗೆ 1,450 ಡಿಗ್ರಿಯಷ್ಟು ಕಾವು ಬೇಕು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಸುಣ್ಣ ಎಂದರೆ ಪರಿಸರಕ್ಕೆ ಪೂರಾ ಹಗುರ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅಷ್ಟು ಸರಳವಲ್ಲ. ನಾನು ಹೇಳಿದ 2003ರ ಆ ಪ್ರಬಂಧದಲ್ಲೇ ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್, ಕಿಲೋ ಸುಣ್ಣಕ್ಕೆ 5.63 ಮೆಗಾಜೂಲ್ ಎಂದಿದೆ. ಹೆಚ್ಚು ವ್ಯತ್ಯಾಸ ಇಲ್ಲ. ಸುಣ್ಣ ಬೇಕಾಗುವುದು ಈ ಗೋಡೆಗೆ ಹೊಂದುವುದು ಅದೊಂದೇ ಎನ್ನುವುದಕ್ಕೆ, ಹೊಂದಿದ ಗೋಡೆ ಇನ್ನೊಂದು ನೂರು ವರ್ಷ ಬಾಳುತ್ತದೆ ಎನ್ನುವುದಕ್ಕೆ. ಕಬ್ಬಿಣದ ಲೆಕ್ಕ ನೋಡಿದರೆ ಇನ್ನೂ ಅರ್ಥವಾಗುತ್ತದೆ. ಕಿಲೋಗೆ 42 ಮೆಗಾಜೂಲ್. ಹೊಸ ಕಂಬ, ತೊಲೆ ಹಾಕದೆ ಇದ್ದದ್ದೇ ನಮ್ಮ ದೊಡ್ಡ ಉಳಿತಾಯ.

ತಾರಸಿಯ ಕಥೆ ಬೇರೆ. ಮದ್ರಾಸ್ ತಾರಸಿಯಲ್ಲಿ ತೊಲೆಯ ಮೇಲೆ ಜಂತೆ, ಜಂತೆಗಳ ಮೇಲೆ ಅಂಗುಲ ದಪ್ಪದ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಚ್ಚು. ನಮ್ಮ ತಾರಸಿಯ ಮೇಲೆ ಟಾರು, ಸಿಮೆಂಟು, ಮತ್ತೆ ಟಾರು ಎಂದು ಎಷ್ಟೋ ಪದರ ಸೇರಿ, ಮರದ ಮೇಲೆ ಬೇಡದ ಭಾರ ಕೂತಿತ್ತು. ಬಿಸಿಲಿಗೆ ಕಪ್ಪು ಟಾರು ಕಾಯ್ದು ಕೆಳಗಿನ ಕೋಣೆಯೂ ಕಾಯುತ್ತಿತ್ತು. ಪದರ ಪದರವಾಗಿ ಅದನ್ನು ಕಿತ್ತು ಇಳಿಸಿದೆವು. ಭಾರ ಇಳಿಯುವ ಮೊದಲು ಕೆಳಗಿನಿಂದ ಸಾರ್ವೆ ಕೊಟ್ಟು ಜಂತೆಗಳನ್ನು ಎತ್ತಿ ಹಿಡಿದಿದ್ದರು.

ಜಂತೆಗಳಲ್ಲಿ ಕೆಲವಕ್ಕೆ ಗೋಡೆಯೊಳಗಿನ ತುದಿ ಕೊಳೆತಿತ್ತು. ಉಳಿದ ಮೈ ಕಬ್ಬಿಣದಷ್ಟು ಗಟ್ಟಿ. ಬಡಗಿ ಇಡೀ ಜಂತೆ ಬದಲಿಸಲಿಲ್ಲ. ಕೊಳೆತಷ್ಟನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಹಳೆ ಮರದ ತುಂಡನ್ನು ಹಲ್ಲು ಕಚ್ಚಿಸಿ ಬೋಲ್ಟು ಹಾಕಿ ಕೂಡಿಸಿದರು. ಹಳೆ ಮನೆ ಕೆಡವಿದ ಮರ ಮಾರುವ ಮಂಡಿಯಲ್ಲಿ ಇದಕ್ಕೆ ಬೇಕಾದ ತೇಗ ಸಿಕ್ಕಿತು. ಆ ಮಂಡಿಗೆ ಹೋದರೆ ಹೊಟ್ಟೆ ಉರಿಯುತ್ತದೆ. ಯಾರ ಯಾರ ಮನೆಯದೋ ಕಂಬಗಳು, ಬೋದಿಗೆಗಳು, ಹಿತ್ತಾಳೆ ಚಿಲಕದ ಬಾಗಿಲುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಗೋಡೆಯೊಳಗೆ ಹೋಗುವ ತುದಿಯ ಸುತ್ತ ಈಗ ಗಾಳಿಯಾಡಲು ಜಾಗ ಬಿಟ್ಟಿದ್ದೇವೆ.

ಗಚ್ಚಿನ ಕೆಲಸಕ್ಕೆ ಹೆಂಗಸರ ಒಂದು ಗುಂಪು ಬಂತು. ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಮರದ ಕೊಡತಿಯಲ್ಲಿ ದಿನವಿಡೀ ಬಡಿದರು. ಬಡಿಯುತ್ತಾ ಬೆಲ್ಲದ ನೀರು ಚಿಮುಕಿಸಿದರು. ಕೊಡತಿ ಬಡಿದರೆ ಗುರುತು ಬೀಳದೆ ಪುಟಿಯುವ ತನಕ ಬಡಿಯಬೇಕು. ಎಲ್ಲ ಮುಗಿದ ಮೇಲೆ ಮೇಲ್ಮೈಗೆ ಬಿಳಿ ಸುಣ್ಣ ಬಳಿದೆವು. ಬಿಳಿ ತಾರಸಿ ಬಿಸಿಲನ್ನು ವಾಪಸು ಎಸೆಯುತ್ತದೆ. ಇದಕ್ಕಿಂತ ಅಗ್ಗವಾದ, ಇದರಷ್ಟು ಕೆಲಸ ಕೊಡುವ ಉಪಾಯ ನಾನು ಇನ್ನೊಂದು ಕಂಡಿಲ್ಲ. ಆರ್‌ಸಿಸಿ ಮನೆಯವರೂ ಬಳಿದು ನೋಡಬಹುದು.

ಹೆಂಚಿನದು ಸುಲಭದ ಕೆಲಸ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಶುರು ಮಾಡಿದ ಈ ಹೆಂಚಿಗೆ ಗಾರೆ ಬೇಡ, ಮೊಳೆ ಬೇಡ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತದೆ. ಅದಕ್ಕೇ ಎಲ್ಲವನ್ನೂ ಇಳಿಸಿ, ಪಾಚಿ ಉಜ್ಜಿ, ಬೆರಳಲ್ಲಿ ತಟ್ಟಿ ಸದ್ದು ಕೇಳಿ, ಒಳ್ಳೆಯವನ್ನು ಮತ್ತೆ ಹೊದಿಸಲು ಆಯಿತು. ಗೆದ್ದಲು ತಿಂದ ರೀಪುಗಳನ್ನು ಮಾತ್ರ ಬದಲಿಸಿದೆವು. ಹೆಂಚಿನ ಕೆಳಗೆ ಮಧ್ಯಾಹ್ನ ಕಾವು ಜಾಸ್ತಿ, ಅದು ನಿಜವಾದ ತೊಂದರೆ. ಅದಕ್ಕೆ ಕೆಳಗೊಂದು ಸಾಲು ಸೀಲಿಂಗ್ ಹೆಂಚು ಹಾಕಿಸಿದೆವು. ಎರಡರ ನಡುವಿನ ಗಾಳಿ ಕಾವನ್ನು ತಡೆಯುತ್ತದೆ. ಕತ್ತಲೆ ಇದ್ದ ಕಡೆ ಒಂದೆರಡು ಗಾಜಿನ ಹೆಂಚು.

ತೊಟ್ಟಿಯ ಮೇಲಿನ ಕಲ್ನಾರಿನ ಶೀಟು ತೆಗೆಯುವಾಗ ಬಹಳ ಎಚ್ಚರ ಬೇಕು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು. ನೀರು ಹೊಡೆದು ಒದ್ದೆ ಮಾಡಿ, ಒಡೆಯದೆ, ಕುಯ್ಯದೆ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿದರು. ಕೆಲಸದವರಿಗೆಲ್ಲ ಒಳ್ಳೆಯ ಮಾಸ್ಕ್ ಕೊಟ್ಟೆವು. ಅಮ್ಮನಿಗೆ ತೊಟ್ಟಿ ತೆರೆಯುವುದು ಇಷ್ಟವಿರಲಿಲ್ಲ. "ಮಳೆ ಬರತ್ತೆ, ಕೋತಿ ಬರತ್ತೆ, ಕಳ್ಳ ಬರ್ತಾನೆ" ಎಂದರು. ಮೂರೂ ನಿಜವೇ. ಅದಕ್ಕೆ ಮೇಲೆ ಕಬ್ಬಿಣದ ಸರಳು, ಅದಕ್ಕೊಂದು ಸೊಳ್ಳೆ ಜಾಲರಿ ಹಾಕಿಸಿದೆವು. ಮಳೆ ಬೀಳಲಿ ಎಂದೇ ತೊಟ್ಟಿ ಇರುವುದು. ಅದರ ತೂಬನ್ನು ಬಿಡಿಸಿ, ಸೋಸುವ ಗುಂಡಿಯ ಮೂಲಕ ಹಿತ್ತಿಲಲ್ಲಿ ನೀರು ತುಂಬಿಡುವ ನೆಲದ ತೊಟ್ಟಿಗೆ (ಸಂಪ್) ಜೋಡಿಸಿದೆವು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. 100 ಚದರ ಮೀಟರ್ ಸೂರಿನ ಮೇಲೆ ಬೀಳುವ ನೀರೇ 80,000 ಲೀಟರ್ ಆಗುತ್ತದೆ. ಅದರಲ್ಲಿ ಎಲ್ಲ ಸಿಗುವುದಿಲ್ಲ, ಸಿಕ್ಕಷ್ಟು ಗಿಡಕ್ಕೆ, ನೆಲ ಒರೆಸುವುದಕ್ಕೆ, ಟಾಯ್ಲೆಟ್ಟಿಗೆ ಸಾಕು.

ಶೀಟು ಇಳಿದ ಸಂಜೆಯೇ ಮನೆಯ ಗಾಳಿ ಬದಲಾಯಿತು. ಒಳಗಿನ ಬಿಸಿ ಗಾಳಿ ಮೇಲೆ ಹೋಗುವ ಮುಖ್ಯ ದಾರಿ ಅದು, ಅದೇ ಇಷ್ಟು ವರ್ಷ ಮುಚ್ಚಿತ್ತು. ಪಡಸಾಲೆಯ ಫಾಲ್ಸ್ ಸೀಲಿಂಗ್ ತೆಗೆದಾಗ ಸೂರಿನ ಕೆಳಗೆ ಹಗ್ಗ ಎಳೆದು ತೆರೆಯುವ ಹಳೆ ಗವಾಕ್ಷಿಗಳು ಸಿಕ್ಕವು. ಕೀಲಿಗೆ ಎಣ್ಣೆ ಹಾಕಿ ಸರಿ ಮಾಡಿದೆವು. ಈಗ ಬೇಸಿಗೆಯಲ್ಲಿ ರಾತ್ರಿ ಗವಾಕ್ಷಿ, ಕಿಟಕಿ ಎಲ್ಲ ತೆರೆದಿರುತ್ತವೆ, ದಪ್ಪ ಗೋಡೆ ತಣ್ಣಗಾಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಬಿಸಿಲ ಕಡೆಯ ಕಿಟಕಿಗಳನ್ನು ಮುಚ್ಚುತ್ತೇವೆ. ಮಧ್ಯಾಹ್ನ ಮೂರರ ತನಕ ತಂಪು ಒಳಗೇ ಉಳಿಯುತ್ತದೆ. ಮನೆ ತಾನಾಗಿ ತಂಪಾಗುವುದಿಲ್ಲ, ಹೀಗೆ ದಿನಾ ತೆರೆದು ಮುಚ್ಚುವ ಕೈ ಬೇಕು. ಅಮ್ಮ ಇದನ್ನು ಚಿಕ್ಕಂದಿನಿಂದ ಬಲ್ಲವರು, ಕ್ಲಿನಿಕ್‌ನ ಹುಡುಗಿಯರಿಗೆ ಅವರೇ ಕಲಿಸಿದರು.

ಕ್ಲಿನಿಕ್ ಮಾಡುವುದು ಎಂದಾಗ ಬೇರೆ ಪ್ರಶ್ನೆಗಳು ಬಂದವು. ಮಂಡಿ ನೋವಿನವರು, ಪಾರ್ಶ್ವವಾಯು ಆದವರು ಜಗುಲಿಯ ಮೆಟ್ಟಿಲು ಹತ್ತುವುದು ಹೇಗೆ? ಹೊಸ್ತಿಲು ದಾಟುವುದು ಹೇಗೆ? ಜಗುಲಿಯನ್ನು ಒಡೆಯದೆ, ಪಕ್ಕದಿಂದ ಒಂದು ಇಳಿಜಾರು ದಾರಿ ಮಾಡಿದೆವು. ಇಳಿಜಾರು ಕಡಿಮೆ ಇರಬೇಕು, ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಅದನ್ನು ಗೋಡೆಗೆ ಅಂಟಿಸಿಲ್ಲ, ನಾಳೆ ಬೇಡವೆಂದರೆ ಎತ್ತಿ ತೆಗೆಯಬಹುದು. ಹೊಸ್ತಿಲಿಗೆ ಎರಡೂ ಕಡೆ ಮರದ ಓರೆ ಹಲಗೆ ಇಟ್ಟಿದ್ದೇವೆ. ನೀರಿನ ಕೆಲಸವೆಲ್ಲ, ಎಂದರೆ ಟಾಯ್ಲೆಟ್, ವಾಷ್ ಬೇಸಿನ್, ಬಿಸಿನೀರಿನ ಶಾಖ ಕೊಡುವ ಜಾಗ, ಹಿಂದಿನ ಆರ್‌ಸಿಸಿ ಕೋಣೆಗಳಿಗೆ ಹೋಯಿತು. ಮಣ್ಣಿನ ಗೋಡೆಯಲ್ಲಿ ಕೊಳವೆ ಹೂಳುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದ್ದೆವು. ವೈರಿಂಗ್ ಕೂಡ ಗೋಡೆ ಕೊರೆಯದೆ, ಹಿಂದಿನ ಕಾಲದಂತೆ ಮರದ ಪಟ್ಟಿಯ ಮೇಲೆ.

ಹಳೆ ಭಾಗಕ್ಕೆ ಎಸಿ ಬೇಕಾಗಲಿಲ್ಲ. ಆರ್‌ಸಿಸಿಯ ಒಂದು ಕೋಣೆಗೆ ಹಾಕಿಸಿದ್ದೇವೆ, ರೋಗಿಗಳ ದೃಷ್ಟಿಯಿಂದ ಅದು ಬೇಕಿತ್ತು. ಫ್ಯಾನುಗಳನ್ನೆಲ್ಲ ಕಡಿಮೆ ಕರೆಂಟು ತಿನ್ನುವ ಮೋಟಾರಿನ ಬಿಎಲ್‌ಡಿಸಿಗೆ ಬದಲಿಸಿದೆವು. ಮೊದಲಿದ್ದವು 75 ವ್ಯಾಟ್ ತಿನ್ನುತ್ತಿದ್ದವು, ಇವು 30ರ ಆಸುಪಾಸು. ಸೋಲಾರ್ ಹಲಗೆಗಳನ್ನು ಹಳೆ ತಾರಸಿಯ ಮೇಲೆ ಇಡಲಿಲ್ಲ. ಅದರ ಮರಕ್ಕೆ ಹೊಸ ಭಾರ ಬೇಡ, ಗಚ್ಚಿಗೆ ಬೋಲ್ಟು ಹೊಡೆಯುವುದೂ ಬೇಡ. ಆರ್‌ಸಿಸಿ ಚಾವಣಿಯ ಮೇಲೆ 3 ಕಿಲೋವ್ಯಾಟ್ ಕೂರಿಸಿದೆವು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅಷ್ಟಕ್ಕೆ 78,000 ರೂಪಾಯಿ ಸಹಾಯಧನ ಇದೆ. ಅದು ಮನೆಯ ಮೀಟರಿಗೆ ಮಾತ್ರ, ಕ್ಲಿನಿಕ್‌ಗೆ ಬೇರೆ ಮೀಟರ್ ತೆಗೆದುಕೊಳ್ಳಬೇಕು. ಹಲಗೆಗಳ ನೆರಳು ಬಿದ್ದು ಕೆಳಗಿನ ಆರ್‌ಸಿಸಿ ಕೋಣೆಗಳ ಕಾವೂ ಕಡಿಮೆಯಾಯಿತು. ಆ ಕೋಣೆಗಳು ಮನೆಯಲ್ಲಿ ಅತಿ ಸೆಕೆಯ ಜಾಗ, ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿಯೆಲ್ಲ ಕೆಳಗೆ ಬಿಡುತ್ತಿದ್ದವು.

ನೆಲದ ಮೇಲಿನ ಟೈಲ್ಸ್ ಕಿತ್ತಾಗ ಕೆಂಪು ನೆಲ ಅಲ್ಲಲ್ಲಿ ಎದ್ದು ಬಂತು. ತೇಪೆ ಹಾಕಿದ ಕಡೆ ಬಣ್ಣ ಬೇರೆಯಾಗಿ ಕಾಣುತ್ತದೆ, ಇರಲಿ ಎಂದು ಬಿಟ್ಟೆವು. ರೋಗಿಗಳು ಓಡಾಡುವ ಕಡೆ ಮೇಣದ ಪಾಲಿಷ್ ಹಾಕಿಸಿಲ್ಲ, ಜಾರುತ್ತದೆ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಸಾಮಾನಿಗಿಂತ ಕೂಲಿಯೇ ಜಾಸ್ತಿ. ಹೊಸ ಮನೆಯಲ್ಲಿ ಇದು ತಿರುವುಮುರುವು. ನಮ್ಮ ದುಡ್ಡು ಮೇಸ್ತ್ರಿಗೆ, ಬಡಗಿಗೆ, ಗಚ್ಚು ಬಡಿದ ಹೆಂಗಸರಿಗೆ ಹೋಯಿತು ಎನ್ನುವುದು ನನಗೆ ಸಂತೋಷದ ವಿಷಯ. ಮೇಸ್ತ್ರಿಯ ಜೊತೆ ಇಬ್ಬರು ಹುಡುಗರು ಕೆಲಸ ಕಲಿತರು. ಇಂಥ ಕೈಗಳಿಗೆ ವರ್ಷವಿಡೀ ಕೆಲಸ ಸಿಕ್ಕರೆ ಮಾತ್ರ ಅವು ಉಳಿಯುತ್ತವೆ. ಮೈಸೂರಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರುಗಳಿವೆ. ಆದರೆ ನಮ್ಮಂಥ ಸಾಧಾರಣ ಮನೆಗಳನ್ನು ಯಾವ ಪಟ್ಟಿಯೂ ಕಾಯುವುದಿಲ್ಲ. ಬೀದಿಗೆ ಬೀದಿಯೇ ಇರುವುದು ಇಂಥ ಮನೆಗಳಿಂದ. ಇವುಗಳ ದುರಸ್ತಿಗೆ ಒಂದಿಷ್ಟು ತೆರಿಗೆ ರಿಯಾಯಿತಿ, ಒಂದು ಸುಲಭದ ಸಾಲ ಸಿಗುವಂತಾದರೆ ನಮ್ಮ ರಸ್ತೆಯಲ್ಲೇ ಇನ್ನೂ ಎಷ್ಟೋ ಮನೆಯವರು ಕೆಡವುವ ಮಾತು ಬಿಡುತ್ತಾರೆ ಎಂದು ನನಗೆ ಗೊತ್ತು. ಅವರೊಂದಿಗೆ ಮಾತಾಡಿದ್ದೇನೆ.

ಈ ಮನೆಗೆ ವರ್ಷವರ್ಷವೂ ಮಾಡುವ ಕೆಲಸ ಇದ್ದೇ ಇದೆ. ಯುಗಾದಿಗೆ ಮುಂಚೆ ಸುಣ್ಣ ಬಳಿಯಬೇಕು. ಮಳೆಗೆ ಮುಂಚೆ ತಾರಸಿಯ ತೂಬು, ಮುಂದಿನ ಕಾಲುವೆಯ ಜಲ್ಲಿ ಶುಚಿ ಮಾಡಬೇಕು. ಗೋಡೆ ತಲೆಯಲ್ಲಿ ಅರಳಿ ಸಸಿ ಕಂಡರೆ ಎರಡೆಲೆ ಇರುವಾಗಲೇ ಕೀಳಬೇಕು. ಜಂತೆಗಳ ತುದಿಯನ್ನು ಟಾರ್ಚು ಹಿಡಿದು ನೋಡಬೇಕು. ಪಡುವಣ ಗೋಡೆಯ ಬುಡದಲ್ಲಿ ಒಂದಿಷ್ಟು ತೇವ ಇನ್ನೂ ಇದೆ, ಅಲ್ಲಿ ಉಪ್ಪು ಬಂದರೆ ಗಿಲಾವನ್ನು ಕೆರೆದು ಹೊಸದು ಹಾಕುತ್ತೇವೆ. ಸುಣ್ಣದ ಗಿಲಾವು ಇರುವುದೇ ಗೋಡೆಯ ಬದಲು ತಾನು ಸವೆಯುವುದಕ್ಕೆ.

ಪಡಸಾಲೆಯ ಬಾಗಿಲ ಪಕ್ಕ ಎರಡಡಿ ಗೋಡೆಯನ್ನು ಮುಚ್ಚದೆ ಹಾಗೇ ಬಿಟ್ಟಿದ್ದೇವೆ. ಮಣ್ಣು, ಇಟ್ಟಿಗೆ, ಗಿಲಾವಿನ ಒಂದೊಂದು ಪದರ ಅಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ತಮ್ಮ ಮನೆಯನ್ನೂ ಹೀಗೆ ಸರಿ ಮಾಡಿಸಬೇಕೆನ್ನುವವರು ಬಂದರೆ ಮೇಸ್ತ್ರಿ ಅದನ್ನೇ ತೋರಿಸಿ ವಿವರಿಸುತ್ತಾರೆ. ಕಳೆದ ತಿಂಗಳು ಎದುರುಮನೆಯವರು ಬಂದು ನೋಡಿಕೊಂಡು ಹೋದರು. ಅವರ ತಾರಸಿಯ ಟಾರು ಕೀಳುವ ಕೆಲಸ ದಸರಾ ಕಳೆದ ಮೇಲೆ ಶುರುವಾಗುತ್ತದೆ, ಅದೇ ಮೇಸ್ತ್ರಿಗೆ ಮುಂಗಡ ಕೊಟ್ಟಿದ್ದಾರೆ.